ಎತ್ತಿನ ವಂಶದ ರಾಜರು

ನಮ್ಮ ಭಾವ ಫೆರ್ಕರನಿಗೆ ತನ್ನ ಸ್ವಂತ ತಾತನ ಹೆಸರು ಗೊತ್ತಿರಲಿಲ್ಲ. ರಾಜನ ಹಿರಿಯರ ಹೆಸರು ಮಾತ್ರ ಮೂವತ್ತು ತಲೆಮಾರಿನವರೆಗೆ ಬಾಯಿಪಾಠ. ಹೊಟ್ಟೆಪಾಡೇ ಅದು. ನಮ್ಮ ಸ್ಕಾಟರ ಹೊಸ ರಾಜ ದುನಾಡ್ ಬೆಟ್ಟದ ಬಂಡೆಯ ಮೇಲೆ ಕಾಲಿಟ್ಟಾಗ ಭಾವ ಪಕ್ಕದಲ್ಲಿ ನಿಂತು, ಇವನು ಇಂಥವನ ಮಗ, ಅವನು ಇಂಥವನ ಮಗ ಎಂದು ತಡವರಿಸದೆ ಹೇಳಿ ಮುಗಿಸಬೇಕು. ತಡವರಿಸಿದರೆ ಅಪಶಕುನ, ಕೆಲಸ ಹೋಯಿತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ದೋಣಿ ಹತ್ತಿದರೆ ವಾಂತಿ, ಉಳಲು ಹೋದರೆ ನೇಗಿಲೇ ಅವನನ್ನು ಎಳೆದುಕೊಂಡು ಹೋಗುತ್ತಿತ್ತು.

ಒಮ್ಮೆ ಹೀಗೆ ರಾಜನೊಬ್ಬನಿಗೆ ಪಟ್ಟ ಕಟ್ಟುವಾಗ ಹದಿನೇಳನೆಯ ಅಪ್ಪನ ಹತ್ತಿರ ಬರುತ್ತಿದ್ದಂತೆ ಭಾವನಿಗೆ ಹೆಸರು ಮರೆತುಹೋಯಿತು. ನಾನು ಕೆಳಗೆ ನಮ್ಮ ಮನೆಯ ಎತ್ತು ಬ್ರೆಕ್‌ನ ಹಗ್ಗ ಹಿಡಿದು ನಿಂತಿದ್ದೆ. ಭಾವನ ಕಣ್ಣು ಎತ್ತಿನ ಮೇಲೆ ಬಿತ್ತು. "ನೆಖ್ತನ್ ಬ್ರೆಕ್‌ನ ಮಗ" ಎಂದವನೇ ಮುಂದಿನ ಹೆಸರಿಗೆ ಓಡಿದ. ಜನ ತಲೆದೂಗಿದರು. ಮಠದ ಸನ್ಯಾಸಿ ಕೊಲ್ಗು ಕರುವಿನ ಚರ್ಮದ ಹಾಳೆಯ ಮೇಲೆ ಅದನ್ನೂ ಬರೆದುಕೊಂಡ.

"ಬೀಜ ಒಡೆಸಿದ ಎತ್ತಿಗೆ ಮಗನ್ನ ಹುಟ್ಟಿಸಿಬಿಟ್ರಲ್ಲ ರೀ" ಎಂದಳು ಅಕ್ಕ ಎಥ್ನಾ, ಅಂಬಲಿ ಬಡಿಸುತ್ತ.

ಮರುದಿನವೇ ಪಾಳೆಗಾರ ಮುಯಿರೆದಾಕ್ ಬಂದ. "ಆ ಬ್ರೆಕ್ ನಮ್ಮ ಮೂಲಪುರುಷಂಗೆ ಅಣ್ಣ ಆಗ್ಬೇಕು. ಊಟಕ್ಕೆ ಕೂತಾಗ ನಂಗೂ ರಾಜನ ಪಕ್ಕ ಜಾಗ ಬೇಕು" ಎಂದ. ಜಾಗ ಸಿಕ್ಕಿತು. ಕೊಲ್ಗು ಬ್ರೆಕ್‌ಗೆ ಹನ್ನೆರಡು ವರ್ಷದ ಆಳ್ವಿಕೆಯನ್ನೂ ಸಮುದ್ರ ಯುದ್ಧದಲ್ಲಿ ಸಾವನ್ನೂ ದಯಪಾಲಿಸಿದ.

"ಇದೆಲ್ಲ ಯಾರು ಹೇಳಿದ್ರು ಸ್ವಾಮಿ?" ಎಂದು ಕೇಳಿದೆ.

"ಬರೀ ಹೆಸರು ಬರೆದ್ರೆ ಹಾಳೆ ಬೋಳು ಕಾಣುತ್ತಪ್ಪ."

ಮರೆತ ಹೆಸರು ಫೆರಡಾಕ್. ಭಾವನಿಗೆ ಅದು ನೆನಪಾದದ್ದು ಮೂರು ದಿನ ಕಳೆದ ಮೇಲೆ. ಆಗ ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದ. ಆ ರಾಜ ಸತ್ತು ಅವನ ತಮ್ಮನ ಸರದಿ ಬಂದಾಗ ಅಕ್ಕ ಕೈಮುಗಿದು ಹೇಳಿದಳು, "ಸುಮ್ನೆ ಎತ್ತನ್ನೇ ಹೇಳ್ಬಿಡಿ."

"ಇಲ್ಲ ಕಣೆ. ಫೆರಡಾಕ್ ಕನಸಲ್ಲಿ ಬರ್ತಾನೆ. ನನ್ನ ಮಗನ್ನ ಎತ್ತಿಗೆ ದತ್ತು ಕೊಟ್ಯಲ್ಲೋ ಅಂತ ಅಳ್ತಾನೆ."

ಬಂಡೆಯ ಪಕ್ಕ ನಿಂತು ಸರಿಯಾದ ಹೆಸರನ್ನೇ ಹೇಳಿದ. ಪುಸ್ತಕ ಬಿಚ್ಚಿ ಕೂತಿದ್ದ ಕೊಲ್ಗು ಕೈ ಎತ್ತಿದ. "ನಿಲ್ಲು ಫೆರ್ಕರ್. ಬ್ರೆಕ್‌ನನ್ನ ನುಂಗಿಬಿಟ್ಟೆ. ಪಾಪ, ವಯಸ್ಸಾಯ್ತು ನಿಂಗೆ."

"ಬ್ರೆಕ್ ನಮ್ಮನೆ ಎತ್ತು ಸ್ವಾಮಿ" ಎಂದ ಭಾವ.

"ಹೌದು ಮತ್ತೆ" ಎಂದ ಮುಯಿರೆದಾಕ್. "ಎತ್ತಿನಂಥ ಗಂಡಸು ಅಂತ ನಮ್ಮಜ್ಜಿನೂ ಹೇಳ್ತಿದ್ಲು."

ಭಾವನನ್ನು ಅಲ್ಲಿಂದಲೇ ಕೆಳಗಿಳಿಸಿದರು. ರಾಜನ ಕಾಲು ಬಂಡೆಯ ಮೇಲೇ ಇತ್ತು, ಯಾರಾದರೂ ಹೇಳಿ ಮುಗಿಸಲೇಬೇಕಿತ್ತು. ದಿನಾ ಅಂಬಲಿ ಕುಡಿಯುವಾಗ ಭಾವನ ಗಿಣಿಪಾಠ ಕೇಳಿ ಕೇಳಿ ನನಗೂ ಎಲ್ಲ ಬರುತ್ತಿತ್ತು. ಯಾರೋ ನನ್ನನ್ನು ಮೇಲಕ್ಕೆ ತಳ್ಳಿದರು.

ಹದಿನಾರು ಹೆಸರು ಸಲೀಸಾಗಿ ಹೋದವು. ಭಾವ ಗುಂಪಿನ ಹಿಂದೆ ನಿಂತು ತುಟಿಯಲ್ಲೇ ಫೆರಡಾಕ್, ಫೆರಡಾಕ್ ಎಂದು ಹೇಳಿಕೊಡುತ್ತಿದ್ದ. ನನಗೆ ನಿಜಕ್ಕೂ ನಾಚಿಕೆಯಾಯಿತು. "ಬ್ರೆಕ್‌ನ ಮಗ" ಎಂದು ಗಟ್ಟಿಯಾಗಿ ಹೇಳಿ ಮುಂದಕ್ಕೆ ಹೋದೆ.