ಬಾಣಂತಿಗೆ ಒಂದು ಹಿಡಿ ಹೆಸರುಕಾಳು

ಅದು ಸಾವಿರದ ಒಂಬೈನೂರ ಐವತ್ತೊಂಬತ್ತನೆಯ ಇಸವಿ. ಮೈಸೂರಿನಲ್ಲಿ ಬಿ.ಎಸ್ಸಿ. ಪದವಿ ಪಡೆದು, ಬಾಳ್ಳುಪೇಟೆಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ಸೇರಿದ ಮೊದಲನೆಯ ವರ್ಷ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಮನೆಯಲ್ಲಿ ಯಾವ ತೊಂದರೆ ಬಂದರೂ ಅದಕ್ಕೆ ಪರಿಹಾರ ನನಗೆ ತಿಳಿದಿರಬೇಕೆಂದು ಎಲ್ಲರೂ ಭಾವಿಸುತ್ತಿದ್ದರು. ನಾನೂ ಹಾಗೆಯೇ ಭಾವಿಸಿ ಸದಾ ಆತಂಕದಲ್ಲಿರುತ್ತಿದ್ದೆ.

ನಮ್ಮದು ಆಲೂರು ತಾಲ್ಲೂಕು ಕುಂದೂರು ಹೋಬಳಿಯ ಒಂದು ಸಣ್ಣ ಊರು. ಆ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ನನ್ನ ತಂಗಿ ಜಯಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡು ಮಗುವಾಯಿತು. ಮಗು ಚೆನ್ನಾಗಿಯೇ ಇತ್ತು. ಆದರೆ ತಾಯಿ ದಿನದಿಂದ ದಿನಕ್ಕೆ ಸೋತುಹೋದಳು. ಮುಖ ಬಿಳಿಚಿಕೊಂಡಿತು, ಪಾದಗಳು ಊದಿಕೊಂಡವು. ಎದ್ದು ನಿಂತರೆ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಹಾಲೂ ಕಡಿಮೆಯಾಗುತ್ತಿತ್ತು.

ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಅವಳನ್ನು ಸಕಲೇಶಪುರದ ಒಬ್ಬ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಅವರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಕಾಲಿನ ಬಾವನ್ನು ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ನಿಂತಿತ್ತು.

"ಏನು ಊಟ ಕೊಡ್ತಾ ಇದ್ದೀರಿ?" ಎಂದು ಕೇಳಿದರು.

"ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಒಂದಿಷ್ಟು ತುಪ್ಪ" ಎಂದೆ.

"ಅಷ್ಟೇನಾ? ಈಕೆಗೆ ರಕ್ತ ಸಾಲದು, ಸಸಾರಜನಕವೂ ಸಾಲದು. ಟಾನಿಕ್ ಬರೆದುಕೊಡ್ತೇನೆ. ಆದರೆ ಊಟ ಸರಿಯಾಗದೆ ಟಾನಿಕ್ ಏನೂ ಮಾಡೋದಿಲ್ಲ. ಮೊಟ್ಟೆ ಕೊಡಿ, ಕೋಳಿಸಾರು ಕೊಡಿ. ಅದಾಗದಿದ್ದರೆ ಕಾಳುಗಳನ್ನು ದಿನಾ ಎರಡು ಹೊತ್ತು ಕೊಡಿ, ಅನ್ನದ ಜೊತೆಗೋ ರಾಗಿಯ ಜೊತೆಗೋ. ಹೀಗೇ ಬಿಟ್ಟರೆ ನಾನು ಜವಾಬ್ದಾರಳಲ್ಲ" ಎಂದರು.

ಸಸಾರಜನಕ ಎಂಬ ಪದವನ್ನು ನಾನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೆ. ಅದು ಸಾಲದೆ ನನ್ನ ತಂಗಿಯ ಕಾಲಿನಲ್ಲಿ ಅಂಥ ಕುಳಿ ನಿಲ್ಲಬಹುದೆಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ನಾವು ಮಾಂಸಾಹಾರಿಗಳೇ. ಬೇರೆ ಕಾಲದಲ್ಲಾಗಿದ್ದರೆ ಅವ್ವ ಆ ಸಂಜೆಯೇ ಕೋಳಿ ಹಿಡಿಸುತ್ತಿದ್ದಳು. ಆದರೆ ನಮ್ಮೂರಿನಲ್ಲಿ ಆಗಷ್ಟೇ ಊರದೇವರ ಸುಗ್ಗಿ ಹಬ್ಬವನ್ನು ಸಾರಿದ್ದರು. ಸುಗ್ಗಿ ಸಾರಿದ ದಿನದಿಂದ ಹಬ್ಬ ಮುಗಿಯುವವರೆಗೆ ಊರಿಗೆ ಊರೇ ಒಂದು ಕಟ್ಟಿನಲ್ಲಿರುತ್ತದೆ. ಯಾರ ಮನೆಯಲ್ಲಿಯೂ ಮಾಂಸವಿಲ್ಲ, ಮೊಟ್ಟೆಯಿಲ್ಲ. ಸಾರಿಗೆ ಒಗ್ಗರಣೆ ಹಾಕುವಂತಿಲ್ಲ. ಹಸಿ ರೆಂಬೆ ಕಡಿಯುವಂತಿಲ್ಲ. ಊರ ಗಡಿಯೊಳಗೆ ಕಾಲಿಗೆ ಮೆಟ್ಟು ಹಾಕುವಂತಿಲ್ಲ. ಒಬ್ಬರು ತಪ್ಪಿದರೆ ಊರಿಗೆಲ್ಲ ಕೇಡು ಎಂಬುದು ನಂಬಿಕೆ. ಬಡವರು, ಸಾಹುಕಾರರು, ಎಲ್ಲರೂ ಆ ದಿನಗಳಲ್ಲಿ ಒಂದೇ ಬಗೆಯ ಸಪ್ಪೆ ಸಾರು ಉಣ್ಣುತ್ತಿದ್ದರು.

"ಮೊಟ್ಟೆ ಗಿಟ್ಟೆ ಅಂದ್ರೆ ಸುಮ್ಕಿರಾಕಿಲ್ಲ ನಾನು" ಎಂದಳು ಅವ್ವ. "ನಾಳೆ ಯಾರ ಗದ್ದೆಗೆ ರೋಗ ಬಂದ್ರೂ ನಮ್ಮನೆ ಕಡೆ ಬೆಟ್ಟು ಮಾಡ್ತಾರೆ."

"ಹಾಗಾದರೆ ಕಾಳು ಬೇಯಿಸಿ ಕೊಡವ್ವ. ಕಾಳಿಗೆ ಸುಗ್ಗಿಯ ಅಡ್ಡಿಯಿಲ್ಲವಲ್ಲ."

"ಬಾಣಂತಿಗೆ ಕಾಳಾ? ಕೂಸಿನ ಹೊಟ್ಟೆ ಉಬ್ಬರುಸ್ತದೆ. ನಿನ್ ಕಾಲೇಜ್ನಾಗೆ ಬಾಣಂತನ ಮಾಡೋದೂ ಹೇಳ್ಕೊಟ್ಟವ್ರಾ?"

ಒಂದು ಕಡೆ ಊರಿನ ಕಟ್ಟು, ಇನ್ನೊಂದು ಕಡೆ ಬಾಣಂತಿಯ ಪಥ್ಯ. ಎರಡರ ನಡುವೆ ಜಯಮ್ಮನ ತಟ್ಟೆಯಲ್ಲಿ ಅನ್ನ ಮತ್ತು ಮೆಣಸಿನ ಸಾರು ಮಾತ್ರ ಉಳಿದವು. ಹಾಲಾದರೂ ಕೊಡೋಣವೆಂದರೆ ನಮ್ಮ ಹಸು ಬತ್ತಿಹೋಗಿತ್ತು. ನೆರೆಯವರು ಕೊಟ್ಟದ್ದು ಒಂದು ಲೋಟ ತುಂಬುತ್ತಿರಲಿಲ್ಲ. ನಾನು ನನ್ನ ಪಠ್ಯಪುಸ್ತಕವನ್ನೇ ತಂದು ಅವ್ವನ ಮುಂದೆ ಓದಿದೆ. ಅವ್ವ ಕೇಳಿಸಿಕೊಳ್ಳುತ್ತ ಬೆಳ್ಳುಳ್ಳಿ ಸುಲಿದಳು. ಓದಿ ಮುಗಿದ ಮೇಲೆ, "ಬರ್ದೋನು ಗಂಡಸಾ?" ಎಂದು ಕೇಳಿದಳು. ಹೌದೆಂದೆ. "ಹಂಗಾದ್ರೆ ಸರಿ" ಎಂದು ಒಳಗೆ ಹೋದಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಬಾಳ್ಳುಪೇಟೆಯ ಕರೀಂ ಸಾಬರ ಅಂಗಡಿಗೆ ಹೋದೆ. ಅವರು ದವಸ ಧಾನ್ಯ ಮಾರುತ್ತಿದ್ದರು. ಸುತ್ತಲಿನ ಎಸ್ಟೇಟುಗಳಿಗೆ ಕೋಳಿ, ಮೊಟ್ಟೆಗಳನ್ನೂ ಒದಗಿಸುತ್ತಿದ್ದರು. ಮುಖಪರಿಚಯವಿತ್ತೇ ವಿನಾ ಹೆಚ್ಚು ಮಾತುಕತೆಯಿರಲಿಲ್ಲ. ನಾನು ಮೊಟ್ಟೆ ಕೇಳಿದೆ.

"ನಿಮ್ಮೂರು ಯಾವ್ದು ಮೇಷ್ಟ್ರೇ?" ಎಂದರು. ಹೇಳಿದೆ.

"ಅಲ್ಲಿ ಸುಗ್ಗಿ ಸಾರವ್ರಲ್ಲ. ಸುಗ್ಗಿ ಮುಗಿಯೋಗಂಟ ನಿಮ್ಮೂರೋರಿಗೆ ನಾನು ಮೊಟ್ಟೆ ಕೊಡಾಕಿಲ್ಲ. ವರ್ಷವೆಲ್ಲ ಅವ್ರ ಮುಖ ನೋಡ್ಬೇಕು ನಾನು."

ನಾನು ತಂಗಿಯ ಸ್ಥಿತಿಯನ್ನೂ ಅವ್ವ ಕಾಳಿಗೆ ಒಪ್ಪದ್ದನ್ನೂ ವಿವರಿಸಿದೆ. ಊರಿನ ಗಡಿಯಾಚೆ ನಮ್ಮ ಗದ್ದೆಯೊಂದಿದೆ, ಅಲ್ಲಿ ಬೇಯಿಸಿ ಅವಳಿಗೆ ತಿನ್ನಿಸಿದರೆ ಕಟ್ಟು ಮುರಿದಂತಾಗುವುದಿಲ್ಲ ಎಂಬ ನನ್ನ ಉಪಾಯವನ್ನೂ ಹೇಳಿದೆ.

ಸಾಬರು ನನ್ನನ್ನೇ ನೋಡಿದರು. "ಹಸಿ ಬಾಣಂತೀನ ಗದ್ದೆ ಬದೀಗೆ ನಡುಸ್ಕೊಂಡೋಗಿ ಮೊಟ್ಟೆ ತಿನ್ನುಸ್ತೀರಾ? ಏನ್ ಮಾರಾಯ್ರೇ, ಓದಿದೋರು ನೀವು."

ಅಂಗಡಿಯ ಹಿಂದೆಯೇ ಅವರ ಮನೆ. ಬಾಗಿಲ ಪರದೆಯ ಆಚೆಯಿಂದ ವಯಸ್ಸಾದ ಹೆಂಗಸಿನ ದನಿ ಕೇಳಿತು. "ಕಾಳು ಯಾಕೆ ಕೊಡಾಕಿಲ್ಲ ಅಂತಾರೆ, ಕೇಳೋ."

ಅವರು ಸಾಬರ ತಾಯಿ. ಪೇಟೆಯವರೆಲ್ಲ ಅವರನ್ನು ಬೂಬಮ್ಮ ಎನ್ನುತ್ತಿದ್ದರು. ನಾನು ಅವ್ವನ ಮಾತನ್ನು ಒಪ್ಪಿಸಿದೆ. ಅದಕ್ಕೆ ಅವರು, "ನಿಮ್ಮವ್ವಂಗೆ ಎಷ್ಟು ಮಕ್ಳು?" ಎಂದು ಕೇಳಿದರು.

"ಇಬ್ಬರು. ನಡುವೆ ಒಂದು ಗಂಡುಮಗು ಎಳೆಯದರಲ್ಲಿಯೇ ಹೋಯಿತಂತೆ."

"ಹೂಂ" ಎಂದರು ಬೂಬಮ್ಮ. "ನೀವು ಮನೀಗೆ ಹೋಗಿ ಮೇಷ್ಟ್ರೇ."

ಏನೂ ಇಲ್ಲದೆ ಬರಿಗೈಯಲ್ಲಿ ಹಿಂದಿರುಗಿದೆ. ಅವರು ನನ್ನನ್ನು ಸಾಗಹಾಕಿದರೆಂದೇ ತಿಳಿದಿದ್ದೆ.

ಎರಡು ದಿನ ಕಳೆದು ಭಾನುವಾರ ಬಂತು. ಬೆಳಗ್ಗೆ ಊರ ಗಡಿಯಲ್ಲಿ ಗಾಡಿಯೊಂದು ನಿಂತಿತು. ಮೆಣಸು ಕೊಳ್ಳಲು ಕುಂದೂರಿಗೆ ಹೊರಟಿದ್ದ ಸಾಬರ ಗಾಡಿ. ಬೂಬಮ್ಮ ಅದರಿಂದ ಇಳಿದು, ಕೇಳಿ ತಿಳಿದುಕೊಂಡವರಂತೆ ಮೆಟ್ಟುಗಳನ್ನು ಗಡಿಯಲ್ಲೇ ಬಿಟ್ಟು, ಕಂಕುಳಲ್ಲಿ ಒಂದು ಬುಟ್ಟಿಯನ್ನಿಟ್ಟುಕೊಂಡು ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆದು ಬಂದರು.

ಮೊಟ್ಟೆ ಮಾರುವವರ ಮನೆಯವರು ಸುಗ್ಗಿಯ ನಡುವೆ ಬುಟ್ಟಿ ಹಿಡಿದು ಬಂದರೆ ಊರು ಸುಮ್ಮನಿರುತ್ತದೆಯೇ? ನಮ್ಮ ಮನೆಯ ಜಗುಲಿ ತಲಪುವಷ್ಟರಲ್ಲಿ ಪಟೇಲರು ಹಿಂದೆಯೇ ಬಂದರು.

"ಬೂಬಮ್ಮ, ಬುಟ್ಟೀಲಿ ಏನೈತೆ?" ಎಂದರು.

ಮೊಟ್ಟೆಯಿರಬಹುದೇನೋ ಎಂದು ನನಗೂ ಅನ್ನಿಸಿತ್ತು. ಬೂಬಮ್ಮ ಜಗುಲಿಯ ಮೇಲೆ ಕುಳಿತು, ಬುಟ್ಟಿಯ ಬಟ್ಟೆಯನ್ನು ನಿಧಾನವಾಗಿ ಬಿಡಿಸಿದರು. ಒದ್ದೆ ಬಟ್ಟೆಯಲ್ಲಿ ಮೊಳಕೆಯೊಡೆದ ಹೆಸರುಕಾಳು. ಪಕ್ಕದಲ್ಲಿ ಒಂದು ಪೊಟ್ಟಣ ಮೆಂತ್ಯ.

"ಮುಟ್ಟಿ ನೋಡಪ್ಪ ಪಟೇಲಪ್ಪ. ಮೊಳ್ಕೆ ಬಂದೈತೆ, ಪುಕ್ಕ ಇನ್ನೂ ಬಂದಿಲ್ಲ."

ಪಟೇಲರು ನಕ್ಕುಬಿಟ್ಟರು. "ಬಾಣಂತಿ ನೋಡಾಕೆ ಬಂದ್ಯಾ? ನೋಡು, ನೋಡು" ಎಂದು ಹೊರಟುಹೋದರು.

ಅವ್ವ ನಗಲಿಲ್ಲ. ಬಂದವರಿಗೆ ನೀರು, ಬೆಲ್ಲ ತಂದಿಟ್ಟಳು. ಹೆಸರುಕಾಳನ್ನು ಕಂಡೊಡನೆ ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ, "ನೀವು ದೊಡ್ಡೋರು, ಇಷ್ಟು ದೂರ ಬಂದಿದೀರಿ. ಆದ್ರೆ ಕಾಳು ಮಾತ್ರ ಈ ಮನೇಲಿ ಬಾಣಂತಿಗೆ ಬೇಯಾಕಿಲ್ಲ" ಎಂದಳು.

ಬೂಬಮ್ಮ ವಾದ ಮಾಡಲಿಲ್ಲ. "ನಡುವ್ಲದು ಹೆಂಗ್ ಹೋಯ್ತು ತಂಗಿ?" ಎಂದರು.

ನಾನು ಬಾಗಿಲ ಬಳಿ ನಿಂತಿದ್ದೆ. ಅವ್ವ ನನ್ನನ್ನು ಮರೆತವಳಂತೆ ಹೇಳಿದಳು. ಅದು ಅವರೆಕಾಯಿಯ ಕಾಲವಂತೆ. ಬಾಣಂತಿಯಾಗಿದ್ದ ಅವಳಿಗೆ ಆಸೆಯಾಯಿತಂತೆ. ಅತ್ತೆಗೆ ಕಾಣದಂತೆ ಒಂದು ಬಟ್ಟಲು ಅವರೆಕಾಳು ಸಾರು ಉಂಡಳಂತೆ. ಮರುದಿನ ಮಗುವಿನ ಹೊಟ್ಟೆ ಉಬ್ಬಿತಂತೆ. ಮೂರನೆಯ ದಿನಕ್ಕೆ ಮಗುವಿಲ್ಲ. "ನಾಲ್ಗೆ ಚಪಲಕ್ಕೆ ಮಗನ್ನ ತಿಂದ್ಕೊಂಡ್ಳು ಅಂತ ನಮ್ಮತ್ತೆ ಸಾಯೋಗಂಟ ಅಂದ್ರು" ಎಂದಳು.

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಾನು ಇದನ್ನು ಕೇಳಿರಲಿಲ್ಲ. ಆ ಮಗುವಿಗೆ ಬಂದದ್ದು ಬೇರಾವುದೋ ಜಾಡ್ಯವಿರಬಹುದೆಂದು ಹೇಳಲು ಬಾಯಿ ತೆರೆದೆ. ಬೂಬಮ್ಮ ನನ್ನತ್ತ ತಿರುಗದೆಯೇ ಕೈಯೆತ್ತಿ ಸುಮ್ಮನಿರಿಸಿದರು.

"ನಂದೂ ಒಂದು ಹೋಯ್ತು ಕಣ್ ತಂಗಿ, ನನ್ನ ಮೊದಲ್ನೇದು" ಎಂದರು. "ನಾನು ಕಾಳು ಮುಟ್ಟಿರ್ಲಿಲ್ಲ. ಹೇಳಿದ್ದ ಪಥ್ಯವೆಲ್ಲ ಮಾಡಿದ್ದೆ. ಆದ್ರೂ ಹೋಯ್ತು. ನನ್ನ ಯಾರೂ ಬಯ್ಲಿಲ್ಲ. ಬಯ್ಯಾಕೆ ಏನೂ ಸಿಗ್ಲಿಲ್ಲ ಅವ್ರಿಗೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಮಗು ಅತ್ತಿತು. ಜಯಮ್ಮ ಮೇಲೇಳಲು ಗೋಡೆ ಹಿಡಿದುಕೊಂಡಾಗ ಬಳೆಗಳ ಸದ್ದು ನಮಗೆಲ್ಲ ಕೇಳಿಸಿತು.

"ಹಿಂಗ್ ಮಾಡಾಣ" ಎಂದರು ಬೂಬಮ್ಮ. "ಒಂದು ಹಿಡಿ ಬೇಯ್ಸು. ಮೆತ್ತಗೆ ಬೇಯ್ಸಿ ಕಟ್ಟು ಬಸ್ದು ಕೊಡು, ಕಾಳು ನಾಳೀಕೆ ನೋಡಾಣ. ನಾನು ಇಲ್ಲೇ ಇರ್ತೀನಿ. ಕೂಸು ಅತ್ರೆ ನಾನೇ ಎತ್ಕೊಂತೀನಿ. ಏನಾದ್ರೂ ಆದ್ರೆ ಊರೋರ ಮುಂದೆ ನನ್ ಹೆಸ್ರು ಹೇಳು, ಆ ಬೂಬಮ್ಮ ಬಂದು ತಿನ್ಸಿ ಕೆಡ್ಸಿದ್ಳು ಅಂತ. ನಿನ್ ಹೆಸ್ರು ಬ್ಯಾಡ."

ಅವ್ವ ಎದ್ದು ಒಲೆಯ ಮುಂದೆ ಹೋಗಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, "ಆ ಬಟ್ಟೆ ಗಂಟು ಇತ್ಲಾಗೆ ಕೊಡು" ಎಂದಳು.

ಆ ಮಧ್ಯಾಹ್ನ ಜಯಮ್ಮ ಅನ್ನಕ್ಕೆ ಹೆಸರುಕಾಳಿನ ಕಟ್ಟನ್ನು ಬೆರೆಸಿಕೊಂಡು ಉಂಡಳು. ಅವ್ವ ಅವಳ ಎದುರಿಗೆ ಕುಳಿತು ಪ್ರತಿ ತುತ್ತನ್ನೂ ನೋಡಿದಳು. ಬೂಬಮ್ಮನವರಿಗೆ ಜಗುಲಿಯ ಮೇಲೆ ಎಲೆ ಹಾಕಿದಳು. ಆ ಕಾಲದ ರೀತಿ ಹಾಗಿತ್ತು, ಅವರೂ ಬೇಸರಪಡಲಿಲ್ಲ. "ಒಗ್ರಣೆ ಇಲ್ದ ಸಾರು ಇಷ್ಟು ರುಚಿಯಾಗಿರ್ತದಾ? ನನ್ ಸೊಸೇಗೆ ಹೇಳ್ಬೇಕು, ಡಬ್ಬಗಟ್ಲೆ ಎಣ್ಣೆ ಸುರೀತಾಳೆ" ಎಂದರು. ಜಯಮ್ಮ ಒಳಗಿನಿಂದ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಮಗು ಅತ್ತಿತು. ಅವ್ವ ಬೆಚ್ಚಿ ನಿಂತುಬಿಟ್ಟಳು. ಮಗುವನ್ನು ಎತ್ತಿಕೊಳ್ಳಲು ಅವಳ ಕೈ ಏಳಲಿಲ್ಲ. ಬೂಬಮ್ಮ ಬಾಣಂತಿಯ ಕೋಣೆಯ ಹೊಸ್ತಿಲ ಬಳಿ ಬಂದು, "ಬರ್ಲಾ?" ಎಂದು ಕೇಳಿದರು. ಅವ್ವ ತಲೆಯಾಡಿಸಿದಳು. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು. ಮಗು ತೇಗಿ, ಅವರ ಹೆಗಲಿಗೆ ಒಂದಿಷ್ಟು ಹಾಲು ಕಕ್ಕಿ, ಮಲಗಿತು. "ಮುಟ್ಟು ತಂಗಿ, ಹೊಟ್ಟೆ ಮುಟ್ಟಿ ನೋಡು" ಎಂದರು. ಅವ್ವ ಮುಟ್ಟಿದಳು. ಮತ್ತೆ ಮತ್ತೆ ಮುಟ್ಟಿದಳು. ಹೊಟ್ಟೆ ಮೆತ್ತಗಿತ್ತು.

ಗಾಡಿ ಸಂಜೆಯೇ ಹಿಂದಿರುಗಿ ಬಂದಿತ್ತು. ಬೂಬಮ್ಮ ಅದನ್ನು ಕಳುಹಿಸಿಬಿಟ್ಟು ನಮ್ಮಲ್ಲಿಯೇ ಉಳಿದರು. ಮರುದಿನ ಕಟ್ಟಿನ ಜೊತೆಗೆ ಕಾಳನ್ನೂ ನುರಿದು ಕೊಟ್ಟರು. ಆ ಮಧ್ಯಾಹ್ನ ಅವ್ವ ಅವರಿಗೆ ನಡುಮನೆಯಲ್ಲಿ, ತನ್ನ ಪಕ್ಕದಲ್ಲಿಯೇ ಎಲೆ ಹಾಕಿದಳು. ಊಟದ ನಡುವೆ ಅವ್ವ, "ರಂಗ ಅಂತ ಹೆಸ್ರಿಟ್ಟಿದ್ದೆ ಅವ್ನಿಗೆ" ಎಂದಳು. ನನಗೊಬ್ಬ ತಮ್ಮನಿದ್ದನೆಂದು ತಿಳಿದಿತ್ತು. ಅವನಿಗೊಂದು ಹೆಸರೂ ಇತ್ತೆಂದು ತಿಳಿದದ್ದು ಅಂದು.

ಸುಗ್ಗಿ ಮುಗಿಯುವವರೆಗೆ ಜಯಮ್ಮ ದಿನಕ್ಕೆರಡು ಹೊತ್ತು ಹೆಸರುಕಾಳು ಉಂಡಳು. ಬೆಳಗ್ಗೆ ರಾಗಿ ಅಂಬಲಿ, ಅದರ ಜೊತೆಗೆ ಹುರಿದ ಕಡಲೆಕಾಯಿ. ಆಮೇಲೆ ಹುರುಳಿಯ ಕಟ್ಟೂ ಸೇರಿತು. ಅವರೆಯನ್ನು ಮಾತ್ರ ಅವ್ವ ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಕಾಲಿನ ಬಾವು ನಿಧಾನವಾಗಿ ಇಳಿಯಿತು. ಲೇಡಿ ಡಾಕ್ಟರು ಮತ್ತೆ ಬೆರಳಿನಿಂದ ಒತ್ತಿ ನೋಡಿದಾಗ ಕುಳಿ ನಿಲ್ಲಲಿಲ್ಲ. "ಮೊಟ್ಟೆ ಕೊಟ್ಟಿರಾ?" ಎಂದು ಕೇಳಿದರು. ಇಲ್ಲ, ಕಾಳು ಎಂದೆ. "ಸಾಕಲ್ಲ, ಅದೇ ಮುಂದುವರಿಸಿ" ಎಂದರು.

ಈಗ ಹಲವು ವರ್ಷಗಳು ಕಳೆದಿವೆ. ಆಹಾರದ ಪಾಠ ಬಂದಾಗಲೆಲ್ಲ ನಾನು ಹುಡುಗರಿಗೆ ಧಾನ್ಯದ ಜೊತೆಗೆ ಕಾಳು ಸೇರಿದರೆ ಮೈಗೆ ಬೇಕಾದ ಸಸಾರಜನಕ ದೊರೆಯುತ್ತದೆಂದು ಹೇಳುತ್ತೇನೆ. ಆ ವಾಕ್ಯ ಸರಿಯಾದುದೇ. ಅವ್ವನಿಗೆ ಅದನ್ನು ಓದಿ ಹೇಳಿದ ದಿನವೂ ಅದು ಸರಿಯಾಗಿಯೇ ಇತ್ತು. ಆದರೂ ಆ ದಿನ ಅದರಿಂದ ಒಂದು ಕಾಳೂ ಬೇಯಲಿಲ್ಲ.

ಬೂಬಮ್ಮ ಹೋದ ವರ್ಷ ತೀರಿಕೊಂಡರು. ಸುದ್ದಿ ಕೇಳಿ ಅವ್ವ ಬಾಳ್ಳುಪೇಟೆಗೆ ಹೊರಟಾಗ ದಾರಿಯಲ್ಲಿ ಯಾರೋ, "ಅವ್ರು ನಿಮ್ಗೆ ಏನಾಗ್ಬೇಕವ್ವ?" ಎಂದು ಕೇಳಿದರು. ಅವ್ವ ನಡಿಗೆ ನಿಲ್ಲಿಸದೆ, "ನನ್ ಹೆದ್ರಿಕೆಗೆ ಕಾವ್ಲು ಕೂತಿದ್ರು" ಎಂದಳು.