ಮಸ್ಕತ್ತಿನ ತೀರ್ಪು, ಲಿಂಗಸುಗೂರಿನ ಕಟಕಟೆ

ಮಸ್ಕಿಯ ನಿಶಾತ್‌ಗೆ ಮಸ್ಕತ್ತಿನಲ್ಲಿ ತಲಾಖ್ ಆಗಿತ್ತು. ಮಸ್ಕಿಯಲ್ಲಿ ಮಾತ್ರ ಆಗಿರಲಿಲ್ಲ.

ಅವಳು ಓದಿದ್ದು ನರ್ಸಿಂಗ್. ತಂದೆ ಉಸ್ಮಾನ್‌ಸಾಬ್ ಮಸ್ಕಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಸಿಂಧನೂರಿನ ಹಾಜಿರಾಬೀಯ ಮಗ ಮುಜಾಹಿದ್ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದ. ನಿಕಾಹ್ ಆಗಿ ವರ್ಷ ತುಂಬುವುದರೊಳಗೆ ನಿಶಾತ್ ಕೂಡ ಅಲ್ಲೇ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಹೊಡೆತ ಶುರುವಾಯಿತು. ಮೊದಮೊದಲು ಡ್ಯೂಟಿ ಮುಗಿಸಿ ತಡವಾಗಿ ಬಂದಳೆಂದು, ಆಮೇಲೆ ಬೇಗ ಬಂದಳೆಂದು. ಒಂದು ದಿನ ಎಡಗೆನ್ನೆಗೆ ಬಿದ್ದ ಏಟಿಗೆ ಕಿವಿಯೊಳಗೆ ಏನೋ ಹರಿದಂತಾಗಿ ಆ ಕಡೆಯ ಜಗತ್ತು ಮೌನವಾಯಿತು. ಅವಳು ಕೆಲಸ ಮಾಡುವ ದವಾಖಾನೆಯ ಡಾಕ್ಟರರೇ ಕಿವಿ ನೋಡಿ, ಪೊಲೀಸರಿಗೆ ತಿಳಿಸಿದರು. ಅಲ್ಲಿಯ ಕೋರ್ಟು ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡಿತು, ಆಗಲಿಲ್ಲ. ಮದುವೆ ಮುರಿಯಿತೆಂದು ತೀರ್ಪು ಓದುವಾಗ ಮುಜಾಹಿದ್ ಅವಳಿಂದ ನಾಲ್ಕು ಮಾರು ದೂರದಲ್ಲಿ ಎದೆಗೆ ಕೈಕಟ್ಟಿ ನಿಂತಿದ್ದ.

ಊರಿಗೆ ಬಂದವಳು ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆ ಸೇರಿದಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಕೂತರೆ ಎದ್ದು ನಿಲ್ಲಬೇಕೆನಿಸುವುದು, ನಿಂತರೆ ನಡೆಯಬೇಕೆನಿಸುವುದು. ರಜೆಯ ದಿನವೂ ಹಿತ್ತಲಿಂದ ಅಂಗಳಕ್ಕೆ, ಅಂಗಳದಿಂದ ಅಂಗಡಿಗೆ ಸುತ್ತುತ್ತಿದ್ದಳು.

"ಕಾಲಿಗೆ ಚಕ್ರ ಕಟ್ಕೊಂಡೀಯೇನು ಬೇಟಿ? ಒಂದು ಗಳಿಗಿ ಕುಂದರು" ಎನ್ನುತ್ತಿದ್ದರು ಉಸ್ಮಾನ್‌ಸಾಬ್.

"ಕುಂದ್ರಾಕ ಆಗವಲ್ದು ಅಬ್ಬಾ."

ಹೀಗಿರುವಾಗ ಹಟ್ಟಿಯಿಂದ ಒಂದು ಸಂಬಂಧ ಬಂತು. ಹುಡುಗ ಮಂಜೂರ್, ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಹೆಂಡತಿ ತೀರಿಹೋಗಿದ್ದಳು, ಒಬ್ಬಳು ಸಣ್ಣ ಮಗಳಿದ್ದಳು. ಅವನು ಕಡಿಮೆ ಮಾತಿನವನು. ಮನೆಗೆ ಬಂದಾಗ ನಿಶಾತ್‌ಳ ಬಲಗಡೆಗೇ ಬಂದು ಕೂತು ಮಾತಾಡಿದ. ಯಾರು ಹೇಳಿದ್ದರೋ ಏನೋ, ಅಷ್ಟಕ್ಕೇ ಅವಳಿಗೆ ಅವನ ಮೇಲೆ ಮನಸ್ಸಾಯಿತು. ಮಾತು ಪಕ್ಕಾ ಆಗುವ ಹೊತ್ತಿಗೆ ಸಿಂಧನೂರಿನಿಂದ ಹಟ್ಟಿಗೆ ಸುದ್ದಿ ಹೋಯಿತು: ನಿಶಾತ್ ಇನ್ನೂ ನಮ್ಮ ಮನೆಯ ಸೊಸೆ, ಗಂಡನನ್ನು ಬಿಟ್ಟು ಓಡಿಬಂದವಳು, ತಲಾಖ್ ಗಿಲಾಖ್ ಏನೂ ಆಗಿಲ್ಲ.

ಸುದ್ದಿಯ ಮೂಲ ಮುಜಾಹಿದ್‌ನೇ. ಕೋರ್ಟಿನಲ್ಲಿ ಮದುವೆ ಮುರಿದದ್ದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಂಡತಿಯನ್ನು ಬಿಟ್ಟ ಗಂಡಸು ಊರಲ್ಲಿ ತಲೆ ಎತ್ತಿ ತಿರುಗಬಹುದು, ಹೆಂಡತಿಯೇ ಬಿಟ್ಟುಹೋದ ಗಂಡಸಿಗೆ ಅದು ಕಷ್ಟ.

ಉಸ್ಮಾನ್‌ಸಾಬ್ ಅರಬ್ಬಿಯ ತೀರ್ಪನ್ನು ಮಸೀದಿಯ ಹಜರತ್ತರ ಬಳಿ ಒಯ್ದರು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಕುರಾನಿನ ಅರಬ್ಬಿ ಬ್ಯಾರೆ, ಕಚೇರಿ ಅರಬ್ಬಿ ಬ್ಯಾರೆ ಉಸ್ಮಾನ್‌ಭಾಯ್. ನಿಕಾಹ್ ಮುರದೈತಿ ಅಂತ ಬರದಾರ, ಅಷ್ಟು ತಿಳೀತೈತಿ. ಆದ್ರ ಹುಡುಗನ ಕಡೆಯವರು ಬಂದು ಇಲ್ಲ ಅಂದ್ರ ನಾ ಏನು ಮಾಡ್ಲಿ? ನಮ್ಮ ಕೋರ್ಟಿನ ಮಾತು ಒಂದು ತರ್ರಿ. ಮರುದಿನಾನೇ ನಿಕಾಹ್ ಓದ್ತೀನಿ."

ಪಾಸ್‌ಪೋರ್ಟಿನಿಂದ ಗಂಡನ ಹೆಸರು ತೆಗೆಸಲು ಹೋದಾಗಲೂ ಕಿಟಕಿಯ ಆಚೆಯಿಂದ ಅದೇ ಉತ್ತರ ಬಂತು.

ಲಿಂಗಸುಗೂರಿನ ವಕೀಲೆ ಮಮತಾ ನಿಶಾತ್‌ಳಿಗೆ ಪರಿಚಯವಾದದ್ದು ಆಸ್ಪತ್ರೆಯಲ್ಲೇ, ಅವರು ತಮ್ಮ ತಾಯಿಯ ಸಕ್ಕರೆ ಕಾಯಿಲೆ ತೋರಿಸಲು ಬಂದಾಗ. ಎಲ್ಲ ಕೇಳಿ ಅವರು ಹೇಳಿದರು:

"ಹೊರದೇಶದ ತೀರ್ಪು ಇಲ್ಲಿ ನಡಿಯೋದಿಲ್ಲ ಅನ್ನೋದು ಸುಳ್ಳು. ನಡೀತೈತಿ. ಆದ್ರ ಆ ಕೋರ್ಟಿಗೆ ನಿಮ್ಮ ಕೇಸ್ ನಡಸೋ ಅಧಿಕಾರ ಇತ್ತು ಅಂತ ತೋರಿಸಬೇಕು. ಅವರು ಕೊಟ್ಟ ಕಾರಣ ನಮ್ಮ ಕಾಯ್ದೆದಾಗೂ ಇರಬೇಕು. ಹೊಡದು ಹಿಂಸಾ ಕೊಟ್ರ ಮುಸ್ಲಿಂ ಹೆಣ್ಮಗಳು ನಿಕಾಹ್ ಮುರೀಬೋದು ಅಂತ ನಮ್ಮಲ್ಲೂ ಐತಿ, ಅದಕ್ಕ ಚಿಂತಿ ಇಲ್ಲ. ಮುಖ್ಯ ಮಾತು, ನಿಮ್ಮ ಗಂಡನ ಮಾತೂ ಅಲ್ಲಿ ಕೇಳಿದ್ರಾ?"

"ಕೇಳಿದ್ರಲ್ರೀ ಮೇಡಂ. ಅಲ್ಲೇ ನಿಂತಿದ್ದ."

"ನಾ ಇರಲೇ ಇಲ್ಲ ಅಂತಾನ. ನೋಡ್ರಿ ಬೇಕಾದ್ರ."

ಹಾಗೇ ಆಯಿತು. ತೀರ್ಪಿಗೆ ಮಸ್ಕತ್ತಿನಿಂದ ಮೊಹರು ಹಾಕಿಸಿ ತರಿಸಿದರು, ಹೈದರಾಬಾದಿನಲ್ಲಿ ಅಧಿಕೃತ ಅನುವಾದ ಮಾಡಿಸಿದರು, ಮದುವೆ ಮುರಿದಿದೆ ಎಂದು ಘೋಷಿಸಬೇಕೆಂದು ಲಿಂಗಸುಗೂರಿನ ಕೋರ್ಟಿನಲ್ಲಿ ದಾವೆ ಹೂಡಿದರು. ಮುಜಾಹಿದ್ ತನ್ನ ವಕೀಲರ ಮೂಲಕ ಉತ್ತರ ಕೊಟ್ಟ: ನನಗೆ ನೋಟಿಸೇ ಬಂದಿಲ್ಲ, ಆ ದಿನ ಲಾರಿ ತಗೊಂಡು ದೂರದ ಸಲಾಲಾ ಊರಿಗೆ ಹೋಗಿದ್ದೆ, ನನ್ನ ಹೆಸರಿನಲ್ಲಿ ಯಾರನ್ನೋ ನಿಲ್ಲಿಸಿದ್ದಾರೆ.

ತಾರೀಖಿನ ಮೇಲೆ ತಾರೀಖು ಬಿತ್ತು. ಒಮ್ಮೆ ಜಡ್ಜರು ರಜೆ, ಒಮ್ಮೆ ಎದುರು ವಕೀಲರು ಬರಲಿಲ್ಲ, ಒಮ್ಮೆ ಮಧ್ಯಾಹ್ನದವರೆಗೂ ಕಾದು ಕರೆಯುವ ಹೊತ್ತಿಗೆ ಕರೆಂಟ್ ಹೋಯಿತು. ಪ್ರತಿ ಸಲ ನಿಶಾತ್ ಆಸ್ಪತ್ರೆಯಲ್ಲಿ ಪಾಳಿ ಬದಲಿಸಿಕೊಂಡು ಓಡಿಬರುತ್ತಿದ್ದಳು. ಕೋರ್ಟಿನ ಕಟ್ಟೆಯ ಮೇಲೆ ಮಂದಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರೆ, ಅವಳು ಬೇವಿನ ಮರದಿಂದ ಗೇಟಿನವರೆಗೆ, ಗೇಟಿನಿಂದ ಮರದವರೆಗೆ ತಿರುಗುತ್ತಿದ್ದಳು. ಮಮತಾ ಒಮ್ಮೆ ರೇಗಿದರು: "ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೈತಿ."

ಇಂಥದ್ದೇ ಒಂದು ಬೆಳಿಗ್ಗೆ, ವಾರ್ಡಿನಲ್ಲಿ ಸಲೈನ್ ಬಾಟಲಿ ಬದಲಿಸುತ್ತಿದ್ದಾಗ ಮಂಜೂರ್‌ನ ಫೋನು ಬಂತು.

"ನಿಶಾತ್, ಅಮ್ಮಾಗ ಕಾಯಾಕ ಆಗವಲ್ದು. ಕೂಸು ಸಣ್ಣದೈತಿ. ಮಾನ್ವಿ ಕಡೆ ಒಂದು ಸಂಬಂಧ ನೋಡ್ಯಾರ." ಅವನು ತಡೆದು ತಡೆದು ಹೇಳಿದ. "ನಾ ಏನು ಮಾಡ್ಲಿ, ನೀ ಹೇಳು."

"ಮಾಡ್ಕೊರಿ" ಎಂದಳು. ಫೋನಿಟ್ಟು ಸಲೈನಿನ ಹನಿ ಸರಿಮಾಡಿದಳು. ಆಮೇಲೆ ಆ ದಿನವೆಲ್ಲ ಯಾರು ಕರೆದರೂ ಅವಳೇ ಓಡಿದಳು. ಬೇರೆಯವರ ಪಾಲಿನ ಕೆಲಸವನ್ನೂ ಮಾಡಿ ಮುಗಿಸಿದಳು.

ಮರುಮದುವೆಯ ಕಾರಣವೇ ಹೋದ ಮೇಲೆ ಕೇಸು ಯಾಕೆ, ಬಿಟ್ಟುಬಿಡೋಣವೇ ಎಂದು ಉಸ್ಮಾನ್‌ಸಾಬ್ ಹೆದರುತ್ತಲೇ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. "ಮಂಜೂರ್ ಸಲುವಾಗಿ ಅಲ್ಲ ಅಬ್ಬಾ. ಊರಾಗ ನನ್ನ ಓಡಿಬಂದಾಕಿ ಅಂತಾರ. ನಾ ಓಡಿಬಂದಿಲ್ಲ."

ಕೊನೆಗೆ ಮುಜಾಹಿದ್ ರಜೆಯ ಮೇಲೆ ಬಂದ. ಅವನ ಸಾಕ್ಷಿಯ ದಿನ ಹಾಜಿರಾಬೀ ಕೂಡ ಮಗನ ಜೊತೆ ಬಂದಿದ್ದಳು. ಮಮತಾ ಪಾಟೀಸವಾಲು ಶುರುಮಾಡಿದರು. ಅವನು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ: ಇರಲಿಲ್ಲ, ಗೊತ್ತಿಲ್ಲ, ಸಲಾಲಾದಲ್ಲಿದ್ದೆ. ಅರ್ಧಕ್ಕೆ ಊಟದ ಹೊತ್ತಾಯಿತು. ಮುಂದಿನದು ಮಧ್ಯಾಹ್ನಕ್ಕೆ ಎಂದರು ಜಡ್ಜರು.

ನಿಶಾತ್ ಮತ್ತೆ ಅಂಗಳದಲ್ಲಿ ತಿರುಗತೊಡಗಿದಳು. ಬೇವಿನ ನೆರಳಲ್ಲಿ ಕೂತಿದ್ದ ಹಾಜಿರಾಬೀ ಅವಳು ದಾಟುವಾಗ ಕರೆದಳು. ನಿಶಾತ್ ನಿಲ್ಲಲಿಲ್ಲ. ಮತ್ತೊಮ್ಮೆ ಕರೆದಳು, ಆಗಲೂ ನಿಲ್ಲಲಿಲ್ಲ. ಸೊಕ್ಕು ಎಂದುಕೊಂಡು ಮುದುಕಿ ಎದ್ದು ಬಂದು ತೋಳು ಹಿಡಿದಳು. ನಿಶಾತ್ ಬೆಚ್ಚಿ ತಿರುಗಿ, ಬಲಗಿವಿ ಮುಂದೆ ಮಾಡಿದಳು.

"ಏನಂದ್ರಿ ಅಮ್ಮಾ? ಈ ಕಡೆ ಕೇಳಿಸೋದಿಲ್ಲ."

"ಮದುವಿ ಮುಂದ ಚಲೋ ಕೇಳತಿತ್ತಲ್ಲ. ಕಿವಿಗೆ ಏನಾತು?"

ನಿಶಾತ್ ಅವಳ ಮುಖ ನೋಡಿದಳು. ಈಕೆಗೆ ಗೊತ್ತಿಲ್ಲ ಎಂಬುದು ಆಗ ಅವಳಿಗೆ ಖಾತ್ರಿಯಾಯಿತು.

"ನಿಮ್ಮ ಮಗನ ಕೈ ಬಿತ್ತು."

ಹಾಜಿರಾಬೀ ತೋಳು ಬಿಡಲಿಲ್ಲ. ಸಿಟ್ಟಾಗಬಹುದೆಂದು ನಿಶಾತ್ ಕಾದಳು. ಮುದುಕಿ ಬೇರೆಯೇ ಏನನ್ನೋ ನೆನೆಯುತ್ತಿದ್ದಳು.

"ನೀ ಊರಿಗೆ ಬಂದ ವರ್ಷ ರಂಜಾನ್ ಮುಂದ ಫೋನ್ ಮಾಡಿದ್ದ. ಕೋರ್ಟಿಗೆ ಹೋಗಿ ಬಂದೀನಿ ಅಮ್ಮಾ, ಲಾರಿದು ಏನೋ ದಂಡದ ಕೇಸು, ದುವಾ ಮಾಡು ಅಂದ. ಮಾಡಿದೆ ನಾ. ಕುಂತು ಮಾಡಿದೆ." ಅವಳು ಗೇಟಿನತ್ತ ನೋಡಿದಳು. "ಲಾರಿದು ಅಲ್ಲೇನು ಅದು?"

"ಅಲ್ಲಮ್ಮಾ."

ಹಾಜಿರಾಬೀ ಗೇಟಿನ ಹೊರಗೆ ಚಹಾದ ಡಬ್ಬಿ ಅಂಗಡಿಯ ಮುಂದೆ ನಿಂತಿದ್ದ ಮಗನ ಕಡೆ ನಡೆದಳು. ನಿಶಾತ್‌ಗೆ ಮಾತು ಕೇಳಿಸಲಿಲ್ಲ. ಮುಜಾಹಿದ್ ಕೈ ಬೀಸಿ ಏನೋ ಹೇಳಿದ್ದು, ತಾಯಿ ಒಂದೇ ಮಾತು ಹೇಳಿ ತಿರುಗಿ ಬಂದದ್ದು ಕಂಡಿತು. ಆ ಮಾತು ಏನೆಂದು ಆಮೇಲೆ ಹಾಜಿರಾಬೀಯೇ ಮಮತಾ ಅವರಿಗೆ ಹೇಳಿದಳು: "ನೀ ಖರೇ ಹೇಳ್ದಿದ್ರ ನಾ ಕಟಕಟಿ ಹತ್ತಿ ಹೇಳ್ತೀನಿ."

ಮಧ್ಯಾಹ್ನ ಮುಜಾಹಿದ್ ಮತ್ತೆ ಕಟಕಟೆ ಹತ್ತಿದ. ಮಮತಾ ಅದೇ ಪ್ರಶ್ನೆ ಮತ್ತೆ ಕೇಳಿದರು: ತೀರ್ಪಿನ ದಿನ ನೀವು ಆ ಕೋರ್ಟಿನಲ್ಲಿ ಹಾಜರಿದ್ದಿರಿ ಎಂದರೆ ಸರಿಯೇ? ಅವನು ಹಿಂದಿನ ಬೆಂಚಿನತ್ತ ನೋಡಿದ. ಹಾಜಿರಾಬೀ ಆಗಲೇ ಎದ್ದು ನಿಂತಿದ್ದಳು. ದಫೇದಾರ ಕೂರಲು ಸನ್ನೆ ಮಾಡಿದರೂ ಕೂತಿರಲಿಲ್ಲ.

"ಇದ್ದೆ ರೀ" ಎಂದ ಮುಜಾಹಿದ್.

"ನಿಮ್ಮ ಮಾತು ಕೇಳಿದ್ರಾ?"

"ಕೇಳಿದ್ರು. ಹೇಳಾಕ ನನ್ನ ಹತ್ರ ಏನೂ ಇದ್ದಿಲ್ಲ."

ಟೈಪಿಸ್ಟನ ಕೈ ಓಡಿತು. ಇಷ್ಟು ದಿನ ಹಂಬಲಿಸಿದ ಮಾತು ಅಷ್ಟು ಸಣ್ಣ ದನಿಯಲ್ಲಿ ಬಂದುಹೋದದ್ದು ನಿಶಾತ್‌ಗೆ ನಂಬಲಾಗಲಿಲ್ಲ. ತಪ್ಪಾಗಿ ಕೇಳಿಸಿತೇನೋ ಎಂದು ಮಮತಾ ಅವರ ಮುಖ ನೋಡಿದಳು. ಅವರು ಕರೀ ಕೋಟಿನ ತೋಳಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು.

ಆ ಸಂಜೆ ಹಾಜಿರಾಬೀ ಮಗನ ಮೋಟಾರ್‌ಸೈಕಲ್ ಹತ್ತಲಿಲ್ಲ. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಅದೇ ಬಸ್ಸಿಗೆ ಹತ್ತಿದ ನಿಶಾತ್ ಕೂರಲು ಜಾಗವಿದ್ದರೂ ಮಸ್ಕಿಯವರೆಗೆ ಕಂಬಿ ಹಿಡಿದು ನಿಂತೇ ಬಂದಳು. ಅಲ್ಲಿ ನಿಶಾತ್ ಇಳಿಯುವಾಗ ಮುದುಕಿ ಅವಳ ಸೆರಗಿನ ತುದಿಯನ್ನೊಮ್ಮೆ ಹಿಡಿದು ಬಿಟ್ಟಳು, ಅಷ್ಟೇ.

ಮಸ್ಕತ್ತಿನ ತೀರ್ಪು ಇಲ್ಲಿಯೂ ಊರ್ಜಿತ, ಆ ತೀರ್ಪಿನ ದಿನದಿಂದಲೇ ಮದುವೆ ಮುರಿದಿದೆ ಎಂದು ಲಿಂಗಸುಗೂರಿನ ಕೋರ್ಟು ಮಳೆಗಾಲದ ಹೊತ್ತಿಗೆ ಘೋಷಿಸಿತು. ಉಸ್ಮಾನ್‌ಸಾಬ್ ಆದೇಶದ ನಕಲನ್ನು ಹಜರತ್ತರಿಗೆ ತೋರಿಸಿದರು. ನಮಾಜು ಮುಗಿದ ಮೇಲೆ ಹಜರತ್ತರು ನಾಲ್ಕು ಜನರೆದುರು, "ಉಸ್ಮಾನ್‌ಭಾಯ್ ಮಗಳದು ಎಲ್ಲ ಕಾಯ್ದೆಪ್ರಕಾರ ಆಗೈತಿ, ಯಾರೂ ಬ್ಯಾರೆ ಮಾತಾಡಬಾರದು" ಎಂದರು. ಮಾತಾಡುವವರು ಮಾತಾಡಿದರು, ಆದರೆ ಓಡಿಬಂದವಳು ಎಂಬ ಮಾತು ನಿಂತಿತು. ಮುಜಾಹಿದ್ ಮೇಲ್ಮನವಿ ಹಾಕಲಿಲ್ಲ, ರಜೆ ಮುಗಿಸಿ ಹೋದ. ಮಂಜೂರ್‌ನ ಮದುವೆ ಅಷ್ಟರಲ್ಲಿ ಆಗಿಹೋಗಿತ್ತು.

ನೆಮ್ಮದಿ ಬಂದೇ ಬರುತ್ತದೆ ಎಂದು ನಿಶಾತ್ ಅಂದುಕೊಂಡಿದ್ದಳು. ಮೊದಲ ವಾರ ಸುಮ್ಮನೆ ಗೋಡೆಗೊರಗಿ ಕೂರಲು ನೋಡಿದಳು. ಕಾಲು ಕೇಳಲಿಲ್ಲ. ಹಿಂಜಿದ ಹತ್ತಿಯ ರಾಶಿಯ ನಡುವೆ ಕೂತಿದ್ದ ಉಸ್ಮಾನ್‌ಸಾಬ್ ಅವಳನ್ನು ನೋಡಿ ಈ ಸಲ ಕುಂದರು ಎನ್ನಲಿಲ್ಲ.

"ಮುಂದ ಏನು ಮಾಡತಿ ಬೇಟಿ?"

"ಸಿಂಧನೂರಾಗ ಹೆರಿಗೆ ದವಾಖಾನಿಗೆ ಸಿಸ್ಟರ್ ಬೇಕಂತ. ಕೇಳಾಕ ಹೊಂಟೀನಿ."

"ಸಿಂಧನೂರಿಗೇ?"

"ಹೌದು. ಓಡಿಬಂದಾಕಿ ಅಂದ ಊರಿಗೆ ಹೆದರಿ ಮಾರಿ ಮುಚ್ಕೊಳ್ಳೋದು ಸಾಕಾಗೈತಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.