ಬಲಗೆನ್ನೆಯ ಮಚ್ಚೆ

2021ರ ಫೆಬ್ರವರಿ 9, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಐರ್ಲೆಂಡಿನ ಡ್ರೋಹೆಡಾದಲ್ಲಿ ನಾನು ಬಾಡಿಗೆಗಿದ್ದ ಮೇಲಿನ ಕೋಣೆಯಿಂದ ಚಹಾ ಮಾಡಿಕೊಳ್ಳಲು ಕೆಳಗಿಳಿದೆ. ಮನೆಯೊಡತಿ ಅಡುಗೆಮನೆಯ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯಿಂದ ಹಳೆಯ ಚಿತ್ರದ ಕಾರ್ಡುಗಳನ್ನು ಸುರಿದುಕೊಂಡು ಕೂತಿದ್ದರು. ಎಲ್ಲ ಕಾರ್ಡುಗಳಲ್ಲೂ ಒಬ್ಬಳೇ ಹೆಂಗಸು. ಒಂದರಲ್ಲಿ ರಾಣಿ, ಒಂದರಲ್ಲಿ ಹೂ ಮಾರುವವಳು, ಇನ್ನೊಂದರಲ್ಲಿ ಮರದ ಕುದುರೆ ಏರಿದ ಯೋಧೆ. ಆ ಹೊತ್ತಿಗೆ ಬಾಯ್ನ್ ನದಿಯ ಮಂಜು ಕಿಟಕಿಯವರೆಗೂ ಬಂದಿತ್ತು. ಕೊರೊನಾ ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ. ಬೀದಿಯೂ ಮೂಕಿ ಚಿತ್ರದ ಬೀದಿಯಂತೆ ಸದ್ದಿಲ್ಲದೆ ಬಿದ್ದಿತ್ತು.

ಅವರಿಗೆ ಎಂಬತ್ನಾಲ್ಕು. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರೂ ಒಪ್ಪಿಕೊಂಡಿದ್ದರು.

"ಇವಳು ಫ್ರಾನ್ಸಿನ ಮೂಕಿ ಚಿತ್ರಗಳ ನಟಿ," ಎಂದರು ಅಜ್ಜಿ. "ನಮ್ಮಮ್ಮ ಪ್ಯಾರಿಸ್‌ನಲ್ಲಿ ಇವಳಿಗೆ ಬಟ್ಟೆ ತೊಡಿಸೋ ಕೆಲಸದಲ್ಲಿದ್ದಳು. ಇದರಲ್ಲಿ ಒಂದು ಮಾತ್ರ ಇವಳಲ್ಲ, ನಮ್ಮಮ್ಮ."

"ಯಾವುದು?"

"ಅದೇ ನಂಗೊತ್ತಿಲ್ಲ ಮಗಳೇ. ನೀನೇ ಹುಡುಕು ಅಂತಿದ್ದಳು. ನಾನು ತೋರಿಸಿದ್ದೆಲ್ಲ ತಪ್ಪು ಅಂತ ನಗ್ತಿದ್ದಳು. ನನಗೆ ಏಳು ವರ್ಷ ಆದಾಗ ತೀರಿಕೊಂಡಳು, ಯಾವುದು ಅಂತ ಹೇಳದೇನೇ."

ತಾಯಿಯ ಬೇರೊಂದು ಫೋಟೋ ಮನೆಯಲ್ಲಿರಲಿಲ್ಲ. ಅಜ್ಜಿಯ ಕಣ್ಣಿನ ನಡುವಿನ ದೃಷ್ಟಿ ಅಳಿಸಿಹೋಗುತ್ತಿತ್ತು. ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಸೋಂಕಿನ ಕಾಲವಾದ್ದರಿಂದ ಕಣ್ಣಿನ ಚುಚ್ಚುಮದ್ದಿನ ಸರದಿ ಎರಡು ಸಲ ಮುಂದೆ ಹೋಗಿತ್ತು. ಪೂರ್ತಿ ಕತ್ತಲಾಗುವ ಮೊದಲು ಅಮ್ಮನ ಮುಖ ಯಾವುದೆಂದು ತಿಳಿಯಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಔಷಧದ ಪೊಟ್ಟಣಗಳ ಲೇಬಲ್ ತಾಳೆ ನೋಡುವುದು ನನ್ನ ಕೆಲಸ. ಆಗ ಅದನ್ನು ಮನೆಯಿಂದಲೇ ಮಾಡುತ್ತಿದ್ದೆ. ಆ ಅಭ್ಯಾಸದಲ್ಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಶುರುಮಾಡಿದೆ. ಒಟ್ಟು ಕಾರ್ಡು 41. ಬಣ್ಣ ತುಂಬಿದ್ದು 12: ಕಣ್ಣು ನೀಲಿ 7, ಕಂದು 4, ಹಸಿರು 1. ಬಣ್ಣ ಹಚ್ಚಿದವರು ತಮಗೆ ತೋಚಿದ್ದನ್ನು ಹಚ್ಚಿದ್ದರು, ಕಣ್ಣನ್ನು ನಂಬುವಂತಿರಲಿಲ್ಲ. ನಟಿಗೆ ಎಡಗೆನ್ನೆಯಲ್ಲಿ ಹುಟ್ಟುಮಚ್ಚೆ ಇತ್ತೆಂದು ಅಜ್ಜಿಗೆ ಗೊತ್ತಿತ್ತು. ಎಡಗೆನ್ನೆಯಲ್ಲಿ ಮಚ್ಚೆ ಕಾಣುವವು 33, ಮುಖ ತಿರುಗಿ ಕಾಣದವು 7, ಬಲಗೆನ್ನೆಯಲ್ಲಿ 1.

ದಿನವೂ ಮೂರೂವರೆಯಿಂದ ಐದರವರೆಗೆ ಕೂರುತ್ತಿದ್ದೆವು. ಕಾರ್ಡುಗಳ ಹಿಂದೆ ತಾಯಿ ಪೆನ್ಸಿಲಿನಲ್ಲಿ ಬರೆದಿದ್ದ ಸಾಲುಗಳನ್ನು ನಾನು ಓದುತ್ತಿದ್ದೆ, ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಳುವ ದೃಶ್ಯವಿದ್ದರೆ ನಟಿಗೆ ಪಕ್ಕದಲ್ಲಿ ಪಿಟೀಲು ನುಡಿಯಬೇಕಂತೆ. ದೀಪಗಳ ಕಾವಿಗೆ ಮುಖದ ಬಿಳಿ ಬಣ್ಣ ಕರಗುತ್ತಿತ್ತಂತೆ. ದೀಪ ಹೊಂದಿಸುವವರೆಗೆ ಅವಳ ಜಾಗದಲ್ಲಿ ಬಟ್ಟೆ ತೊಡಿಸುವ ಹುಡುಗಿ ನಿಲ್ಲಬೇಕಿತ್ತು. ನಟಿ ಕುರ್ಚಿಯಲ್ಲಿ ನಿದ್ದೆ ಹೋಗಿರುತ್ತಿದ್ದಳು. ಸಾವಿರಾರು ಜನ ನೋಡಿದ ಆ ಮುಖದ ದನಿ ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಒಡಕು ದನಿ, ತಣ್ಣನೆಯ ಕೈ ಎಂದು ಒಂದು ಕಾರ್ಡಿನ ಹಿಂದಿತ್ತು. ಮಾತಾಡುವ ಚಿತ್ರಗಳು ಬಂದ ಮೇಲೆ ಕಾರ್ಡುಗಳೇ ಇಲ್ಲ. ಓದುತ್ತಾ ಓದುತ್ತಾ ನನಗೂ ಆ ದೀಪಗಳ ಬಿಳುಪಿನಲ್ಲಿ ಯಾರೋ ನಿಂತಂತೆ, ಯಾರ ಬದಲಿಗೆಂದು ತಿಳಿಯದೆ ನಿಂತಂತೆ ಕಾಣುತ್ತಿತ್ತು.

ಬಲಗೆನ್ನೆಯ ಮಚ್ಚೆಯ ಕಾರ್ಡಿನಲ್ಲಿ ಅವಳು ನಮ್ಮ ಕಡೆಯ ರಾಜಕುಮಾರಿಯ ವೇಷದಲ್ಲಿದ್ದಳು. ಸೀರೆ ಉಟ್ಟು ಪೆಟ್ಟಿಗೆಯೊಂದರ ಪಕ್ಕ ನಿಂತಿದ್ದಳು. ಸೆರಗು ಬಲಭುಜದ ಮೇಲಿತ್ತು. ನನಗೆ ತಕ್ಷಣ ತೀರ್ಮಾನ ಹೊಳೆಯಿತು. ಸೆರಗು ಇರಬೇಕಾದದ್ದು ಎಡಕ್ಕೆ. ಹಾಗಾದರೆ ಈ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕಿದ್ದಾರೆ, ಮಚ್ಚೆಯೂ ನಿಜಕ್ಕೆ ಎಡಗೆನ್ನೆಯದೇ. ಫೆಬ್ರವರಿ 22, ಸೋಮವಾರ, ಸಂಜೆ ಐದಕ್ಕೆ ಅಜ್ಜಿಗೆ ಹೇಳಿದೆ.

"ಅಜ್ಜಿ, ಮಚ್ಚೆ ಕಾಣೋದೆಲ್ಲ ಅವಳದೇ. ಉಳಿದ ಏಳರಲ್ಲಿ ಮುಖ ಸರಿಯಾಗಿ ಕಾಣಲ್ಲ. ನಿಮ್ಮಮ್ಮ ಅದ್ರಲ್ಲಿದ್ರೂ ಗುರುತು ಹಿಡಿಯೋಕಾಗಲ್ಲ."

"ಗ್ರ್ಯಾಂಡ್," ಎಂದರು. ಇಲ್ಲಿನವರು ಸಂತೋಷಕ್ಕೂ ಅದನ್ನೇ ಹೇಳುತ್ತಾರೆ, ಮಾತು ಸಾಕು ಎನ್ನುವುದಕ್ಕೂ ಅದನ್ನೇ. ಕಾರ್ಡುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು. ಮರುದಿನ ಮೂರೂವರೆಗೆ ಅಡುಗೆಮನೆ ಖಾಲಿಯಿತ್ತು. ಆಮೇಲಿನ ನಾಲ್ಕು ದಿನವೂ.

28ರ ಭಾನುವಾರ ಬೆಂಗಳೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಸುಮ್ಮನೆ ಆ ಚಿತ್ರ ತೋರಿಸಿದೆ. ನನ್ನ ಫೋನಿನಲ್ಲಿ ಅದರ ಫೋಟೋ ಇತ್ತು.

"ನೋಡಮ್ಮ, ಪಾಪ, ಸೆರಗು ಉಲ್ಟಾ ಅಚ್ಚಾಗಿದೆ."

"ಉಲ್ಟಾ ಯಾಕೇ? ಗುಜರಾತಿಯವರು ಬಲಗಡೆಯಿಂದಾನೇ ಸೆರಗು ಮುಂದಕ್ಕೆ ತರೋದು. ನಮ್ಮ ಎದುರುಮನೆ ಆಂಟಿ ಹೇಗೆ ಉಡ್ತಿದ್ರು, ಮರೆತೋಯ್ತಾ? ಅವರ ಮನೆ ಢೋಕ್ಲಾ ಮಾತ್ರ ನೆನಪಿದೆ ನಿಂಗೆ."

"ಅವಳು ಗುಜರಾತಿ ಅಲ್ವಲ್ಲಮ್ಮ, ಫ್ರೆಂಚ್."

"ಮತ್ತೆ ಅವಳಿಗೆ ನಿನ್ನ ಸೆರಗಿನ ಕಾನೂನು ಯಾರು ಹೇಳಿಕೊಟ್ರು?"

ಕಾಲ್ ಮುಗಿದ ಮೇಲೆ ಫೋನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪೆಟ್ಟಿಗೆಯ ಮೇಲೆ ರೈಲಿನ ಚೀಟಿಯೊಂದು ಅಂಟಿತ್ತು. ಅದರ ಮೇಲೆ 'ಪ್ಯಾರಿಸ್' ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳು, ನೆಟ್ಟಗೆ, ಓದುವ ಹಾಗೆ. ಚಿತ್ರ ತಿರುಗಿರಲೇ ಇಲ್ಲ. ದಿನವೂ ಲೇಬಲ್ ನೋಡುವ ನಾನು ಆ ಲೇಬಲ್ ನೋಡಿರಲಿಲ್ಲ. ನನ್ನ ಪಟ್ಟಿಯಲ್ಲಿ ಪೆಟ್ಟಿಗೆಗೆ ಕಾಲಮ್ಮೇ ಇರಲಿಲ್ಲ.

ಹಾಗಾದರೆ ಮಚ್ಚೆ ನಿಜವಾಗಿಯೂ ಬಲಗೆನ್ನೆಯದು. ಯಾರೋ ನಟಿಯಂತೆ ಕಾಣಲು ಅದನ್ನು ಇಟ್ಟುಕೊಂಡಿದ್ದರು. ಅಡುಗೆಮನೆಯಲ್ಲಿದ್ದ ಡಬ್ಬಿಯಿಂದ ನಟಿಯ ಕಾರ್ಡೊಂದನ್ನು ತಂದು ಬಚ್ಚಲಿನ ಕನ್ನಡಿಗೆ ಆನಿಸಿ, ಕಾರ್ಡಿನಲ್ಲಿ ಮಚ್ಚೆ ಕಂಡ ಕಡೆಗೇ ಕನ್ನಡಿಯೊಳಗಿನ ನನ್ನ ಮುಖದಲ್ಲೂ ಬರುವಂತೆ ಕಾಡಿಗೆಯ ಚುಕ್ಕೆ ಇಟ್ಟೆ. ಮೂರು ಸಲ ತೊಳೆದು ಮೂರು ಸಲ ಇಟ್ಟೆ. ಮೂರು ಸಲವೂ ಅದು ನನ್ನ ಬಲಗೆನ್ನೆಗೇ ಬಿತ್ತು. ಅವಸರದಲ್ಲಿ, ಕನ್ನಡಿಯ ಪಕ್ಕ ಚಿತ್ರವಿಟ್ಟುಕೊಂಡು ಅಣಿಯಾದ ಹುಡುಗಿಗೆ ಆಗುವ ತಪ್ಪೇ ಇದು. ನಟಿಗೆ ತನ್ನ ಮಚ್ಚೆಯನ್ನು ಇಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ.

ಮಾರ್ಚ್ 1, ಸೋಮವಾರ, ಮೂರೂವರೆ. ಅಜ್ಜಿಯ ಕೋಣೆಯ ಬಾಗಿಲು ಬಡಿದೆ. ನನ್ನ ತಪ್ಪನ್ನು ಮೊದಲಿನಿಂದ ಹೇಳಿ, ಆ ಕಾರ್ಡನ್ನು ಕೈಗೆ ಕೊಟ್ಟೆ. ನೇರ ನೋಡಿದರೆ ಅವರಿಗೆ ಮುಖದ ಜಾಗದಲ್ಲಿ ಬೂದುಬಣ್ಣ ಮಾತ್ರ. ಹಾಗಾಗಿ ಮುನಿಸಿಕೊಂಡವರಂತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಂಚಿನಿಂದ ನೋಡಿದರು. ಗಡಿಯಾರ ನೋಡಿಕೊಂಡೆ: ಹನ್ನೊಂದು ನಿಮಿಷ.

"ಎಷ್ಟು ಚಿಕ್ಕ ಹುಡುಗಿ," ಎಂದರು ಕೊನೆಗೆ. "ಆ ತೆಳು ಬಟ್ಟೇಲಿ ಚಳಿ ಆಗ್ತಿರಬೇಕು ಇವಳಿಗೆ."

ಕಾರ್ಡು ಮತ್ತೆ ಡಬ್ಬಿಗೆ ಹೋಗಲಿಲ್ಲ. ದಿಂಬಿನ ಪಕ್ಕದ ಗೋಡೆಗೆ, ಮಲಗಿದಾಗ ಕಣ್ಣಂಚಿಗೆ ಸಿಗುವ ಎತ್ತರಕ್ಕೆ, ಅವರು ಹೇಳಿದ ಕಡೆ ನಾನೇ ಅಂಟಿಸಿದೆ.

ಆದರೆ ಇದು ಅವರ ಅಮ್ಮನೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನಟಿಗೆ ಬಟ್ಟೆ ತೊಡಿಸುವವರು ಇನ್ನೂ ಒಬ್ಬಿಬ್ಬರು ಇದ್ದಿರಬಹುದು. ಇದನ್ನು ಬರೆಯುತ್ತಿರುವ ಈ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಸರದಿ ಮೂರನೆಯ ಸಲ ಮುಂದೆ ಹೋಗಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಸೀರೆ ಉಟ್ಟ ಈ ಕಾರ್ಡಿದ್ದರೆ, ಅಥವಾ ಮೂಕಿ ಕಾಲದಲ್ಲಿ ದೀಪದ ಮುಂದೆ ಬದಲಿ ನಿಲ್ಲುತ್ತಿದ್ದ ಐರಿಶ್ ಹುಡುಗಿಯ ಬಗ್ಗೆ ಎಲ್ಲಾದರೂ ಓದಿದ್ದರೆ, ದಯವಿಟ್ಟು ಬೇಗ ಬರೆಯಿರಿ. ಅಲ್ಲ ಎನ್ನುವುದಾದರೂ ಬರೆಯಿರಿ. ಅಜ್ಜಿಗೆ ಹೇಗೆ ಹೇಳಬೇಕೆಂದು ಆಗ ಯೋಚಿಸುತ್ತೇನೆ.